ಕೆಂಪು ಬಟ್ಟೆ ಕಟ್ಟಿದ ಸಾಲು

ಟೊಮ್ಯಾಟೊ ಗಿಡದ ವಾಸನೆ ನನಗೆ ಈಗಲೂ ಆಗಿಬರುವುದಿಲ್ಲ. ಸಂತೆಯಲ್ಲಿ ಹಣ್ಣು ಆರಿಸಿ ಕೊಳ್ಳುತ್ತೇನೆ, ಸಾರು ಮಾಡುತ್ತೇನೆ, ಉಣ್ಣುತ್ತೇನೆ, ಅದಕ್ಕೇನೂ ತಕರಾರಿಲ್ಲ. ಆದರೆ ಯಾರದೋ ಹಿತ್ತಲಲ್ಲಿ ಗಿಡದ ಎಲೆ ಸೆರಗಿಗೆ ತಾಗಿ ಆ ಹಸಿರು ಘಾಟು ಮೂಗಿಗೆ ಬಂತೆಂದರೆ, ಗಂಟೆ ನಾಲ್ಕಾಯಿತೇನೋ ಎಂದು ತಟ್ಟನೆ ಗಡಿಯಾರ ನೋಡುತ್ತೇನೆ.

ಬಿ.ಎ. ಮುಗಿಸಿ ಯಲಬುರ್ಗಾದ ಮನೆಯಲ್ಲಿ ಎರಡು ವರ್ಷ ಕೂತಿದ್ದೆ. ಅರ್ಜಿ ಹಾಕಿದ ಕಡೆಯಿಂದ ಉತ್ತರ ಬರಲಿಲ್ಲ, ಹಾಕದ ಕಡೆಯಿಂದ ಗಂಡುಗಳ ಫೋಟೋ ಮಾತ್ರ ಬರುತ್ತಿದ್ದವು. ಅವ್ವನ ಬಾಯಿ ಮುಚ್ಚಿಸಲೆಂದು ಕುಷ್ಟಗಿ ರಸ್ತೆಯ ಬೀಜದ ಕಂಪನಿಯೊಂದರ ಕೆಲಸಕ್ಕೆ ಸೇರಿಕೊಂಡೆ. ಹೊಲದ ನಡುವೆ ನಾಲ್ಕೂ ಕಡೆ, ತಲೆಯ ಮೇಲೂ ಬಿಳಿ ಬಲೆ ಎಳೆದು ಮಾಡಿದ ಜಾಗ ಅದು. ನಾವು ಅದಕ್ಕೆ 'ನೆಟ್' ಎನ್ನುತ್ತಿದ್ದೆವು. ಒಂದೇ ಬಾಗಿಲು. ಹುಳ ಬರಬಾರದೆಂದು ಹಾಕಿದ ಬಲೆ ಗಾಳಿಯನ್ನೂ ಬಿಡುತ್ತಿರಲಿಲ್ಲ. ಒಳಗೆ ಹತ್ತು ಉದ್ದನೆಯ ಸಾಲು ಟೊಮ್ಯಾಟೊ ಗಿಡ, ಸಾಲಿಗೊಬ್ಬಳಂತೆ ಹತ್ತು ಹೆಂಗಸರು. ಅಲ್ಲಿ ನಮಗೆ ಹೆಸರಿರಲಿಲ್ಲ, ಸಾಲಿನ ನಂಬರೇ ಹೆಸರು. ನಾನು ಎಂಟನೇ ಸಾಲಿನವಳು.

ಎರಡು ತಳಿ ಬೆರೆಸಿ ಹೈಬ್ರಿಡ್ ಬೀಜ ಮಾಡುವ ಕೆಲಸ ಇಷ್ಟೇ. ಹೂವು ಅರಳುವ ಹಿಂದಿನ ದಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡುಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದಲ್ಲಿರುವ ಐದು ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಕಣ್ತಪ್ಪಿ ಒಂದು ಮೊಗ್ಗು ಉಳಿದರೆ ಅದು ತಾನಾಗಿಯೇ ಅರಳಿ ತಾನಾಗಿಯೇ ಕಾಯಿ ಕಟ್ಟುತ್ತದೆ. ಅದರ ಐದೂ ಎಸಳು ಹಾಗೇ ಇರುತ್ತವೆ. ಅಂಥ ಒಂದು ಹಣ್ಣಿನ ಬೀಜ ಸೇರಿದರೂ ಇಡೀ ನೆಟ್ಟಿನ ಬೀಜ ಕೆಟ್ಟಂತೆ. ಹೂವು ಅರಳಿ ಕಾಯಾಗುವುದು ಬೇರೆ ಕಡೆ ಸಂತೋಷದ ಸಂಗತಿ. ನಮ್ಮಲ್ಲಿ ಅದು ಅಪರಾಧ.

ಸಂಜೆ ನಾಲ್ಕಕ್ಕೆ ಸೂಪರ್‌ವೈಸರ್ ತಪಾಸಣೆಗೆ ಬರುತ್ತಿದ್ದರು. ಗಂಗಾವತಿ ಕಡೆಯ ಮನುಷ್ಯ. ಅವರು ಒಂದು ದಿನವೂ ಯಾರನ್ನೂ ಬೈದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆ ಕೇಳಿದವರೆಲ್ಲ ಮೊದಲು ಅವರನ್ನೇ ರಾಕ್ಷಸ ಮಾಡುತ್ತಾರೆ. ಕೊಪ್ಪಳದ ಆಫೀಸಿನಿಂದ ಫೋನು ಬಂದರೆ ಅವರೇ ಎದ್ದು ನಿಂತು ಮಾತಾಡುತ್ತಿದ್ದರು, ಬಯಲಲ್ಲಿ ಒಬ್ಬರೇ ಇದ್ದಾಗಲೂ. ಅವರ ಅಂಗಿಯ ಜೇಬಿನಲ್ಲಿ ಕೆಂಪು ಬಟ್ಟೆಯ ಚೂರುಗಳಿರುತ್ತಿದ್ದವು. ಕಣ್ತಪ್ಪಿ ಬಿಟ್ಟ ಹೂವೋ ಕಾಯಿಯೋ ಸಿಕ್ಕ ಗಿಡಕ್ಕೆ ಒಂದು ಚೂರು ಕಟ್ಟುತ್ತಿದ್ದರು. ಆ ಸಾಲಿನವಳು ಕಾಯಿ ಕೈಯಲ್ಲಿ ಹಿಡಿದು ಗಿಡದ ಪಕ್ಕ ನಿಲ್ಲಬೇಕು. ಫೋಟೋ ತೆಗೆದು ನಮ್ಮೆಲ್ಲರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಆಮೇಲೆ ಹತ್ತೂ ಜನ ಹತ್ತೂ ಸಾಲನ್ನು ಮೊದಲಿಂದ ಮತ್ತೆ ನೋಡಬೇಕು.

ಅಂದರೆ ಐದೂವರೆಯ ಬಸ್ಸು ತಪ್ಪಿತೆಂದೇ ಲೆಕ್ಕ. ಮುಂದಿನದು ಏಳಕ್ಕೆ, ಅದೂ ಕಾಲಿಡಲು ಜಾಗವಿಲ್ಲದ್ದು. ಮನೆಯಲ್ಲಿ ಹಿಂಡುವ ಎಮ್ಮೆ, ಬಾಗಿಲಲ್ಲಿ ನಿಂತ ಅತ್ತೆ, ಒಲೆ ಹೊತ್ತಿಸದೆ ಕೂತ ಗಂಡ, ಎಲ್ಲರ ಮನೆಯಲ್ಲೂ ಒಂದೊಂದು ಕಾದಿರುತ್ತಿತ್ತು. ಯಾರಾದರೂ ಗೋಗರೆದರೆ ಸೂಪರ್‌ವೈಸರ್ ಮೆಲ್ಲನೆ ಹೇಳುತ್ತಿದ್ದರು:

"ನನಗ್ಯಾಕ ಕೇಳ್ತೀರಮ್ಮಾ? ಬಟ್ಟಿ ಯಾರ ಸಾಲಿನ್ಯಾಗ ಐತಿ ನೋಡ್ರಿ, ಅವರ್ನ ಕೇಳ್ರಿ."

ಅಷ್ಟು ಹೇಳಿ ಹೊರಗೆ ಹೋಗಿ ಕುರ್ಚಿಯ ಮೇಲೆ ಕೂರುತ್ತಿದ್ದರು. ಉಳಿದದ್ದನ್ನು ನಾವೇ ಮಾಡಿಕೊಳ್ಳುತ್ತಿದ್ದೆವು.

ನಾನು ಸೇರಿದ ಮೂರನೇ ವಾರ ಬಟ್ಟೆ ನನ್ನ ಸಾಲಿಗೆ ಬಂತು. ಎಲೆಯ ಮರೆಯಲ್ಲಿ ಕಡಲೆ ಗಾತ್ರದ ಒಂದು ಕಾಯಿ. ಫೋಟೋಕ್ಕೆ ನಿಂತಾಗ ಕಾಯಿ ಕೈಯಿಂದ ಎರಡು ಸಲ ಬಿತ್ತು. ಸೂಪರ್‌ವೈಸರ್ ಹೊರಗೆ ಹೋದದ್ದೇ ತಡ, ಮೂರನೇ ಸಾಲಿನವಳು ನನ್ನ ಮೈಮೇಲೆ ಬಂದಳು. ಅವಳಿಗೆ ಮನೆಯಲ್ಲಿ ಆರು ತಿಂಗಳ ಕೂಸಿತ್ತು.

"ಏ ಬಿ.ಎ.! ಗಿಡದಾಗ ಪುಸ್ತಕ ಓದ್ಕೋತ ಕುಂತಿದ್ದೇನ? ನನ್ನ ಕೂಸು ಈಗ ಅತ್ತು ಅತ್ತು ಗಂಟ್ಲ ಕಟ್ಟಿರತೈತಿ. ನಿನಗೇನ್ ತಿಳೀಬೇಕದು!"

ಅವಳ ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು. ಅವಳನ್ನು ಕೆಟ್ಟವಳು ಎನ್ನಲು ನನಗೆ ಆಗಲೂ ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಅಂದು ಏಳರ ಬಸ್ಸಿನಲ್ಲಿ ಒಂಬತ್ತು ಜನರೂ ನನಗೆ ಬೆನ್ನು ಕೊಟ್ಟು ನಿಂತಾಗ, ನಾಳೆ ಈ ನೆಟ್ಟಿನೊಳಗೆ ಹೇಗೆ ಕಾಲಿಡಲಿ ಎಂಬುದೊಂದೇ ಯೋಚನೆ ನನಗೆ.

ಮರುದಿನ ಬೆಳಿಗ್ಗೆ ನನ್ನ ಪಕ್ಕಕ್ಕೆ ಬಂದವಳು ಏಳನೇ ಸಾಲಿನ ಅಕ್ಕ. ತವರು ಹುಲಿಹೈದರ, ಕೊಟ್ಟದ್ದು ಕುಷ್ಟಗಿ ಕಡೆಯ ಹಳ್ಳಿಗೆ. ನಲವತ್ತೈದು ದಾಟಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಅಳಬ್ಯಾಡ ತಂಗಿ," ಎಂದಳು. "ಮ್ಯಾಲಿಂದ ನೋಡಬ್ಯಾಡ. ಟೊಂಗಿ ಹಿಡದು ತೆಳಗಿಂದ ಮ್ಯಾಲೆ ಬಾ. ಕಳ್ಳ ಮೊಗ್ಗಿ ತೆಳಗ ಎಲಿ ಮರಿಗೆ ಕುಂತಿರ್ತಾವ."

ಹೇಳಿಕೊಟ್ಟದ್ದು ಮಾತ್ರವಲ್ಲ. ಆವತ್ತಿನಿಂದ ತನ್ನ ಸಾಲು ಮುಗಿಸಿ, ನಾಲ್ಕಾಗುವುದರೊಳಗೆ ನನ್ನ ಸಾಲಿನ ಮೇಲೂ ಒಮ್ಮೆ ಕೈಯಾಡಿಸುತ್ತಿದ್ದಳು. ಯಾರಿಗೂ ಗೊತ್ತಾಗದ ಹಾಗೆ, ಸೆರಗು ಕೊಡವಿಕೊಳ್ಳುತ್ತಾ ಹಾದುಹೋದಂತೆ. ಆ ಹಂಗಾಮಿನಲ್ಲಿ ಮತ್ತೆ ನನ್ನ ಸಾಲಿಗೆ ಬಟ್ಟೆ ಬರಲಿಲ್ಲ. ನಾನು ಆ ಕೆಲಸದಲ್ಲಿ ಉಳಿದದ್ದೇ ಅವಳಿಂದ.

ಮುಂದಿನ ಹಂಗಾಮಿಗೆ ನನ್ನನ್ನು ಚೆಕ್ಕಿಂಗ್‌ಗೆ ಹಾಕಿದರು. ಬರೆಯಲು ಬರುತ್ತದೆ ಎಂಬುದೇ ಅರ್ಹತೆ. ದಿನಗೂಲಿ ಹೋಗಿ ತಿಂಗಳ ಸಂಬಳವಾಯಿತು. ಹೆಂಗಸರು ಮುಗಿಸಿದ ಸಾಲನ್ನು ನಾನು ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಆಮೇಲೆ ಕೊಪ್ಪಳದವರಿಗೆ ತಪ್ಪು ಸಿಕ್ಕರೆ ಮೊದಲ ಪ್ರಶ್ನೆ ನನಗೇ. ಮೊದಲು ಒಂದು ಸಾಲಿಗೆ ಹೆದರುತ್ತಿದ್ದವಳು ಈಗ ಹತ್ತು ಸಾಲಿಗೆ ಹೆದರತೊಡಗಿದೆ. ಊಟಕ್ಕೆ ಕೂತಾಗ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸಂಬಳದವಳು ಬಂದಳು ಎಂದು ಯಾರೋ ಕೆಮ್ಮುತ್ತಿದ್ದರು. ಅಕ್ಕ ಮಾತ್ರ ತನ್ನ ಬುತ್ತಿಯ ಪುಂಡಿಪಲ್ಯ ನನ್ನ ರೊಟ್ಟಿಯ ಮೇಲೆ ಹಾಕುವುದನ್ನು ಬಿಡಲಿಲ್ಲ.

ಹಂಗಾಮಿನ ಮೊದಲ ದಿನ ಬಾಗಿಲಲ್ಲಿ ಸೂಜಿಗೆ ದಾರ ಪೋಣಿಸುವ ಪರೀಕ್ಷೆ ಇರುತ್ತಿತ್ತು. ದಾರ ಹಾಕಲಾಗದವರು ಅಲ್ಲಿಂದಲೇ ವಾಪಸ್ಸು. ಚಸ್ಮಾ ಹಾಕಿದವರನ್ನು ಒಳಗೇ ಬಿಡುತ್ತಿರಲಿಲ್ಲ. ಬೆವರಿಗೆ ಜಾರುತ್ತದೆ, ನೆಟ್ಟಿನ ಸೆಕೆಗೆ ಮಂಜು ಕಟ್ಟುತ್ತದೆ, ಅವರ ಕೈಯಲ್ಲಿ ಕೆಲಸ ಕೆಡುತ್ತದೆ ಎಂಬುದು ಕಂಪನಿಯ ಮಾತು. ಅಕ್ಕನ ಸರದಿ ಬಂದಾಗ ನಾನು ರಿಜಿಸ್ಟರು ಹಿಡಿದು ಎದುರಿಗೇ ನಿಂತಿದ್ದೆ. ಅವಳು ಸೂಜಿಯನ್ನು ನೋಡಲೇ ಇಲ್ಲ. ದಾರದ ತುದಿಯನ್ನು ಎಂಜಲಲ್ಲಿ ಹೊಸೆದು, ಉಗುರಿನಿಂದ ಸೂಜಿಯ ಕಣ್ಣನ್ನು ತಡವಿ ಹುಡುಕಿ ಪೋಣಿಸಿದಳು. ಎಷ್ಟು ದಿನ ಮನೆಯಲ್ಲಿ ಕೂತು ರೂಢಿ ಮಾಡಿದ್ದಳೋ. ನಾನು 'ಪಾಸ್' ಎಂದು ಬರೆದೆ.

"ಈಗೀಗ ಹತ್ರದ್ದು ಕಾಣವಲ್ದು ತಂಗಿ," ಎಂದು ಆ ವಾರವೇ ನನ್ನ ಕಿವಿಯಲ್ಲಿ ಹೇಳಿದಳು. "ದೂರದ್ದು ಛಲೋ ಕಾಣ್ತೈತಿ. ಮೊಗ್ಗಿ ಮುಂದ ಬಂದ್ರ ಎಲ್ಲಾ ಮಬ್ಬ. ಯಾರಿಗೂ ಹೇಳಬ್ಯಾಡ, ನಿನ್ನ ಕಾಲಿಗಿ ಬೀಳ್ತೀನಿ."

"ನಾ ಯಾರಿಗ್ಯಾಕ ಹೇಳ್ಲೆಕ್ಕಾ?" ಎಂದೆ. ಅವಳು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡತೊಡಗಿದೆ. ಏಳನೇ ಸಾಲನ್ನು ಎಲ್ಲಕ್ಕಿಂತ ಮೊದಲು ನೋಡಿ ಬಿಟ್ಟ ಹೂವುಗಳನ್ನು ಕಿತ್ತು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಆದರೆ ಅವಳಷ್ಟು ಚುರುಕು ನನ್ನಲ್ಲಿರಲಿಲ್ಲ. ಒಂದೇ ತಿಂಗಳಲ್ಲಿ ನಾಲ್ಕು ಸಲ ಬಟ್ಟೆ ಏಳನೇ ಸಾಲಿಗೆ ಬಂತು. ನಾಲ್ಕು ಸಲ ಬಸ್ಸು ತಪ್ಪಿತು. ಮೊದಲು ಮಾತಿನಲ್ಲಿ ಚುಚ್ಚಿದರು. ಆಮೇಲೆ ಊಟಕ್ಕೆ ಕೂರುವಾಗ ಅವಳು ಬರುವುದರೊಳಗೆ ಸುತ್ತು ಮುಚ್ಚಿಕೊಳ್ಳತೊಡಗಿದರು. ನೀರಿನ ಕ್ಯಾನಿನ ಲೋಟ ಅವಳ ಕೈಗೆ ಬರುವ ಹೊತ್ತಿಗೆ ಮಾಯವಾಗುತ್ತಿತ್ತು. ಅವಳ ಬುತ್ತಿ ಚೀಲದ ಹಿಡಿಕೆಗೆ ಯಾರೋ ಕೆಂಪು ಬಟ್ಟೆ ಕಟ್ಟಿದರು. ಗುಂಪಿಗೆ ಹಾಕಿದ ಅವಳ ಫೋಟೋದ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಆ ಫೋಟೋ ಹೇಗೋ ಅವಳ ಮಗಳ ಗಂಡನ ಮನೆಯವರೆಗೂ ಹೋಯಿತು.

ಒಂದು ದಿನ ಅವಳ ಚಿಮಟವನ್ನು ಮಣ್ಣಿನಲ್ಲಿ ಹೂತರು. ಅಕ್ಕ ಮೊಣಕಾಲೂರಿ ಎರಡೂ ಅಂಗೈಯಿಂದ ನೆಲ ಸವರುತ್ತಾ ಹುಡುಕಿದಳು. ಚಿಮಟದ ತುದಿ ಅವಳ ಮೂಗಿನ ಮುಂದೆಯೇ ಮಣ್ಣಿನಿಂದ ಮೇಲೆ ಎದ್ದಿತ್ತು. ಅವಳಿಗೆ ಕಾಣಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಬಂದು ನಕ್ಕಿದ್ದಲ್ಲ. ನಗದವಳನ್ನು ಮೂರನೇ ಸಾಲಿನವಳು ಗುರುತಿಟ್ಟುಕೊಳ್ಳುತ್ತಾಳೆ ಎಂಬ ಹೆದರಿಕೆಗೆ ನಕ್ಕಿದ್ದು. ಈಗ ಎಣಿಸಿದರೆ, ಅಲ್ಲಿ ಇನ್ನೂ ಎಷ್ಟು ಜನ ನನ್ನಂತೆಯೇ ಹೆದರಿ ನಕ್ಕಿರಬಹುದು ಅನಿಸುತ್ತದೆ.

ಅದೇ ದಿನಗಳಲ್ಲಿ ಕೊಪ್ಪಳದ ಆಫೀಸಿನ ಮೇಡಂ ಒಬ್ಬರು ಬಂದು ನೆಟ್ಟಿನ ಬಾಗಿಲಿಗೆ ದೂರು ಪೆಟ್ಟಿಗೆ ತೂಗುಹಾಕಿ ಹೋದರು. ಯಾರಿಗೆ ಯಾರಿಂದ ತೊಂದರೆಯಾದರೂ ಬರೆದು ಹಾಕಿ, ಹೆಸರು ಬೇಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಪೆಟ್ಟಿಗೆಯ ಕೀಲಿ ಸೂಪರ್‌ವೈಸರ್ ಕುರ್ಚಿಯ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ನೆಟ್ಟಿನಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯಬಲ್ಲವಳು ನಾನೊಬ್ಬಳೇ, ನನ್ನ ಅಕ್ಷರ ದಿನಾ ರಿಜಿಸ್ಟರಿನಲ್ಲಿ ಇರುತ್ತಿತ್ತು. ಹೆಸರು ಬರೆಯದಿದ್ದರೆ ಗುಟ್ಟಾಗಿ ಉಳಿಯುತ್ತದೆಂದು ಮೇಡಂ ನಂಬಿದ್ದರು, ಪುಣ್ಯಾತ್ಮರು.

"ತಂಗಿ, ನಂದೊಂದು ಬರದು ಹಾಕ್ತೀಯೇನ?" ಎಂದು ಅಕ್ಕ ಕೇಳಿದಳು. "ಯಾರ ಮ್ಯಾಲೂ ಬ್ಯಾಡ. ಒಬ್ರ ತಪ್ಪಿಗಿ ಎಲ್ಲಾರ್ನೂ ನಿಲ್ಲಿಸಬ್ಯಾಡ್ರಿ, ಅಷ್ಟ ಬರಿ. ನನ್ನ ಸಾಲು ನಾನಾ ಮತ್ತ ನೋಡ್ತೀನಿ, ಅವರ್ನ ಬಸ್ಸಿಗಿ ಬಿಟ್ಟುಬಿಡ್ಲಿ."

ಇಡೀ ನೆಟ್ಟಿನಲ್ಲಿ ರೋಗ ಎಲ್ಲಿದೆ ಎಂದು ತಿಳಿದವಳು ಆ ಕಣ್ಣು ಕಾಣದ ಹೆಂಗಸೊಬ್ಬಳೇ. ನಾನು "ನಾಳಿ ಬರಿಯೂಣಕ್ಕಾ" ಎಂದೆ. ಮತ್ತೆ ಕೇಳಿದಾಗಲೂ ನಾಳೆ ಎಂದೆ. ಮೂರನೇ ಸಲ ಅವಳು ಕೇಳಲಿಲ್ಲ.

ಕಾಯಿ ಬಣ್ಣ ತಿರುಗುವ ಹೊತ್ತಿಗೆ ಕೊಪ್ಪಳದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಸೂಪರ್‌ವೈಸರ್ ಬೆಳಿಗ್ಗೆಯಿಂದ ನೀರು ಸಹ ಕುಡಿದಿರಲಿಲ್ಲ. ಸಾಹೇಬರು ಆರು ಸಾಲು ದಾಟಿ ಏಳನೆಯದರಲ್ಲಿ ಬಗ್ಗಿದರು, ಬುಡದ ಎಲೆ ಎತ್ತಿದರು, ಒಂದು ಹಣ್ಣು ಕಿತ್ತು ಬೆಳಕಿಗೆ ಹಿಡಿದರು. ಅರ್ಧ ಕೆಂಪಾದ ಹಣ್ಣು. ತಲೆಯ ಮೇಲೆ ಐದೂ ಎಸಳು ನೆಟ್ಟಗಿದ್ದವು.

"ಇದರ ಚೆಕ್ಕಿಂಗ್ ಯಾರದು?"

ರಿಜಿಸ್ಟರು ತೆರೆದರು. ಹಣ್ಣು ಅಷ್ಟು ಬೆಳೆಯಬೇಕಾದರೆ ಹೂವು ಯಾವ ವಾರದ್ದೆಂದು ಸಾಹೇಬರು ಬೆರಳಲ್ಲೇ ಎಣಿಸಿದರು. ಆ ವಾರದ ಏಳನೇ ಸಾಲಿನ ಮುಂದೆ ನನ್ನ ಸಹಿ ಇತ್ತು. ಆ ವಾರ ನನಗೆ ಜ್ವರ. ರಜೆ ಕೇಳಲು ಹೆದರಿ ಬಂದಿದ್ದೆ. ಬಗ್ಗಿದರೆ ತಲೆ ಸುತ್ತುತ್ತಿತ್ತು ಎಂದು ಗಿಡಗಳನ್ನು ಮೇಲಿಂದಲೇ ನೋಡಿ ಹತ್ತೂ ಸಾಲಿಗೆ ಗುರುತು ಹಾಕಿದ್ದೆ. ತಪ್ಪು ನನ್ನದು ಎಂದು ಆ ಕ್ಷಣದಲ್ಲೇ ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಹತ್ತೂ ಜನ ನನ್ನನ್ನೇ ನೋಡುತ್ತಿದ್ದರು. ಮೂರನೇ ಸಾಲಿನವಳ ತುಟಿಯ ಮೂಲೆ ಆಗಲೇ ಮೇಲೆದ್ದಿತ್ತು. ಬೆನ್ನು ಕೊಟ್ಟ ಏಳರ ಬಸ್ಸು, ಮಾಯವಾಗುವ ಲೋಟ, ಮಣ್ಣಿನೊಳಗಿನ ಚಿಮಟ, ಎಲ್ಲವೂ ನನ್ನ ಕಡೆ ತಿರುಗಿದವು. ಇನ್ನೊಂದು ಉಸಿರು ಸುಮ್ಮನಿದ್ದರೆ ಅವು ನನ್ನವಾಗುತ್ತಿದ್ದವು.

"ನಾ ನೋಡಿದ್ದೆ ರೀ ಸರ್," ಎಂದೆ. "ಹೂವು ಬಿಟ್ಟೀರಿ, ಕಿತ್ತು ಹಾಕ್ರಿ ಅಂತ ಹೇಳಿದ್ದೆ. ಅಕ್ಕಾರು ಕೀಳಲಿಲ್ಲ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹೆದರಿದ ಬಾಯಿ ನಿಲ್ಲುವುದಿಲ್ಲ.

"ಅವರಿಗೆ ಕಣ್ಣು ಸರಿ ಕಾಣಂಗಿಲ್ರಿ."

ಅಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು. ದೂರದ್ದು ಅವಳಿಗೆ ಚೆನ್ನಾಗಿ ಕಾಣುತ್ತದೆ. ನನ್ನ ಮುಖವನ್ನು ಪೂರ್ತಿ ನೋಡಿದಳು. "ಹೌದೇನಮ್ಮಾ?" ಎಂದು ಸೂಪರ್‌ವೈಸರ್ ಕೇಳಿದರು. ಅವಳು ಕೈಯಲ್ಲಿದ್ದ ಚಿಮಟವನ್ನು ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೂಪರ್‌ವೈಸರ್ ಜೇಬಿನಿಂದ ಕೆಂಪು ಚೂರು ತೆಗೆದು ನನ್ನ ಕೈಗೆ ಕೊಟ್ಟು, "ನೀವಾ ಕಟ್ರಿ" ಎಂದರು.

ಕಟ್ಟಿದೆ. ಎರಡು ಗಂಟು ಹಾಕಿದೆ. ಅಷ್ಟರಲ್ಲಿ ಅಕ್ಕ ಯಾರೂ ಹೇಳದೆಯೇ ಬಂದು ಸಾಹೇಬರ ಕೈಯಿಂದ ಹಣ್ಣು ತೆಗೆದುಕೊಂಡು, ಗಿಡದ ಪಕ್ಕ ನಿಂತು, ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಫೋಟೋಕ್ಕೆ. ಆವತ್ತು ಫೋಟೋ ತೆಗೆಯುವುದು ಯಾರಿಗೂ ನೆನಪಿರಲಿಲ್ಲ. ಅವಳು ಹಾಗೇ ಬಹಳ ಹೊತ್ತು ನಿಂತಿದ್ದಳು.

ಮರುದಿನ ಬಾಗಿಲಲ್ಲೇ ಅವಳನ್ನು ವಾಪಸ್ಸು ಕಳಿಸಿದರು. ವಾಟ್ಸಾಪ್ ಗುಂಪಿನಿಂದ ಅವಳ ನಂಬರು ಹೋಯಿತು. "ಇನ್ನ ಟೈಮಿಗಿ ಬಸ್ಸು ಸಿಗತೈತಿ ಬಿಡ್ರಿ" ಎಂದು ಯಾರೋ ಅಂದರು. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಹದಿನೈದು ದಿನದಲ್ಲಿ ಬಟ್ಟೆ ಮೂರನೇ ಸಾಲಿಗೆ ಬಂತು. ಮತ್ತೊಂದು ವಾರಕ್ಕೆ ಮತ್ತೆ ಅಲ್ಲಿಗೇ. ಆಗ ಬುತ್ತಿಯ ಸುತ್ತು ಅವಳ ಮುಂದೆ ಮುಚ್ಚಿಕೊಂಡಿತು, ಲೋಟ ಅವಳ ಕೈಗೆ ಸಿಗದಾಯಿತು. ನೆಟ್ಟಿಗೆ ಯಾರಾದರೊಬ್ಬರು ಬೇಕಿತ್ತು, ಅಷ್ಟೇ. ಅವಳು ಬಲೆಗೆ ಮುಖ ಒತ್ತಿ ಅಳುವುದನ್ನು ನೋಡಿದೆ. ಅವಳ ಹತ್ತಿರ ಹೋಗುವ ಧೈರ್ಯ ನನಗೆ ಆಗಲೂ ಬರಲಿಲ್ಲ.

ಮುಂದಿನ ಹಂಗಾಮಿಗೆ ನನಗೇ ಆ ನೆಟ್ಟಿನ ಉಸ್ತುವಾರಿ ಕೊಟ್ಟರು. ಕೆಂಪು ಬಟ್ಟೆಯ ಚೂರುಗಳು ನನ್ನ ಬ್ಯಾಗಿಗೆ ಬಂದವು. ನಾನೂ ಯಾರನ್ನೂ ಬೈಯಲಿಲ್ಲ. ಆ ಕೆಲಸ ಬಿಟ್ಟದ್ದು ಇದರ ನಂತರ, ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ಕಂಡ ಮೇಲೆ.

ಮಧ್ಯಾಹ್ನ. ಅವಳು ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದಳು. ದಾಳಿಂಬೆ ತೋಟದ ಕೆಲಸಕ್ಕೆ ಹೋಗುತ್ತಿದ್ದಾಳೆಂದು ಕೈ ನೋಡಿದರೇ ತಿಳಿಯುತ್ತಿತ್ತು, ಮೊಣಕೈವರೆಗೆ ಮುಳ್ಳಿನ ಗೀರುಗಳು. ಕಣ್ಣಿಗೆ ದಪ್ಪ ಗಾಜಿನ ಚಸ್ಮಾ. ಎಡಗೈ ಹೆಬ್ಬೆರಳಿನಲ್ಲಿ ಮುಳ್ಳು ಮುರಿದಿರಬೇಕು, ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ಬಲಗೈಯಲ್ಲಿ ಅದನ್ನು ಕೀಳುತ್ತಿದ್ದಳು. ಬಲಗೈಯಲ್ಲಿದ್ದದ್ದು ನೆಟ್ಟಿನ ಅದೇ ಚಿಮಟ. ಚಸ್ಮಾ ಹಾಕಿ ಅವಳು ಅಷ್ಟು ಸಲೀಸಾಗಿ ಕೆಲಸ ಮಾಡುತ್ತಿದ್ದುದನ್ನು ನೋಡಿ ನನಗೆ ಎದೆ ಹಗುರವಾಯಿತು. ಹತ್ತಿರ ಹೋದೆ.

"ಅಕ್ಕಾ."

ಅವಳು ತಲೆಯೆತ್ತಿದಳು. ನನ್ನನ್ನು ಕಂಡದ್ದೇ ತಡ, ಕೈ ಥಟ್ಟನೆ ಮುಖಕ್ಕೆ ಹೋಗಿ ಚಸ್ಮಾ ಕಳಚಿತು. ಅದನ್ನು ಸೆರಗಿನೊಳಗೆ ತುರುಕಿಕೊಂಡು ಎದ್ದು ನಿಂತಳು. ನಮ್ಮ ನಡುವೆ ಈಗ ಸಾಲಿರಲಿಲ್ಲ, ರಿಜಿಸ್ಟರಿರಲಿಲ್ಲ, ನಾನು ಅವಳಿಗೆ ಏನನ್ನೂ ಮಾಡುವಂತಿರಲಿಲ್ಲ. ಆದರೂ ಅವಳ ಕೆನ್ನೆಯ ಚರ್ಮ ಅದುರುತ್ತಿತ್ತು. ಆ ಹೆದರಿಕೆಯನ್ನು ನಾನು ಚೆನ್ನಾಗಿ ಬಲ್ಲೆ, ಎರಡು ಹಂಗಾಮು ಅದನ್ನೇ ಉಂಡು ಮಲಗಿದವಳು. ಅದನ್ನು ಇನ್ನೊಬ್ಬರ ಮುಖದಲ್ಲಿ, ನನ್ನ ಕಾರಣಕ್ಕೆ ನೋಡಿದ್ದು ಅದೇ ಮೊದಲು.

"ಮುಳ್ಳೇನಕ್ಕಾ? ಕೊಡಿಲ್ಲೆ, ನಾ ತಗೀತೀನಿ," ಎಂದು ಕೈ ಚಾಚಿದೆ.

ಅವಳು ಬೆರಳನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಚಿಮಟದಿಂದ ಅಂದಾಜಿನಲ್ಲೇ ಹೆಬ್ಬೆರಳನ್ನು ಕೆದಕಿದಳು, ಮುಳ್ಳಿದ್ದ ಜಾಗ ಬಿಟ್ಟು ಪಕ್ಕದಲ್ಲಿ. ರಕ್ತ ಬಂತು. ಅವಳು ನಿಲ್ಲಿಸಲಿಲ್ಲ.

"ಬ್ಯಾಡ್ರಿ ಮೇಡಂ," ಎಂದಳು. "ಕಾಣ್ತೈತ್ರಿ ನನಗ. ಛಲೋ ಕಾಣ್ತೈತ್ರಿ."